ಬದನೆಕಾಯಿ ಮೊದಲು ಬೇಯ್ಲಿ, ಮಿಸೋ ಆಮೇಲೆ ಸವರಿ

ಹೋದ ತಿಂಗಳು ಈ ಅಂಕಣದಲ್ಲಿ ಮಾತಿಗೆ ಮಾತು ಬಂದು, ಮೈಸೂರಿನ ಗೋಕುಲಂನಲ್ಲಿ ನಮ್ಮ ಚಿಕ್ಕಮ್ಮನ ಮನೆ ಮಹಡಿಲಿ ಬಾಡಿಗೆಗಿದ್ದ, ಯೋಗ ಕಲಿಯೋಕೆ ಬಂದಿದ್ದ ಜಪಾನಿನ ಹುಡುಗಿಯೊಬ್ಬಳು ಮಾಡಿಕೊಟ್ಟ ಬದನೆಕಾಯಿ ಬಗ್ಗೆ ಎರಡೇ ಎರಡು ಸಾಲು ಬರೆದಿದ್ದೆ. ಬೆಣ್ಣೆ ಥರ ಇತ್ತು, ಚಮಚದಲ್ಲಿ ಕೆರೆದು ತಿಂದ್ವಿ ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತೆ ಅಂದ್ಕೊಂಡಿರಲಿಲ್ಲ. ಎಣ್ಣೆಗಾಯಿ, ವಾಂಗಿಬಾತ್ ತಿಂದು ಬೆಳೆದ ಊರಲ್ಲಿ ಬದನೆಕಾಯಿ ವಿಷಯಕ್ಕೆ ಯಾರೂ ಸುಮ್ನಿರಲ್ಲ ಅನ್ನೋದು ಮರೆತಿದ್ದೆ. ಹಾಗಾಗಿ ಈ ಸಲ ಪೂರ್ತಿ ಅದೇ. ಅದಕ್ಕೆ ಸವರೋ ಮಿಸೋ ಅಂದ್ರೆ ಸೋಯಾ ಕಾಳು ಹುದುಗಿಸಿ ಮಾಡೋ, ಉಪ್ಪುಪ್ಪಾಗಿರೋ ಜಪಾನಿನ ಗೊಜ್ಜು.

ಮೇಡಂ, ನೀವು ಬರೆದಿದ್ದು ಓದಿ ನನ್ನ ಮಗಳು ಮೊಬೈಲಲ್ಲಿ ವಿಡಿಯೋ ನೋಡ್ಕೊಂಡು ಮಿಸೋ ಹಚ್ಚಿದ ಬದನೆಕಾಯಿ ಮಾಡಿದ್ಲು. ಮೇಲೆಲ್ಲಾ ಕರ್ರಗೆ ಸೀದುಹೋಯ್ತು, ಒಳಗಡೆ ಸ್ಪಂಜು ಅಗಿದಂಗೆ. ಎಣ್ಣೆ ಮಾತ್ರ ಕಾಲು ಲೀಟರ್ ಖಾಲಿ. ನಮ್ಮನೆಯವರು "ಪುಸ್ತಕದ ಬದನೆಕಾಯಿ ಅಂದ್ರೆ ಇದೇ ನೋಡು" ಅಂತ ನಕ್ಕಿದ್ದಕ್ಕೆ ಅವಳು ತಟ್ಟೆ ಬಿಟ್ಟು ಎದ್ದೇಹೋದ್ಲು. ತಪ್ಪೆಲ್ಲಾಯ್ತು? — ಕುವೆಂಪುನಗರ, ಮೈಸೂರು

ಮೊದಲು ನಿಮ್ಮನೆಯವರಿಗೆ ಹೇಳಿ, ನಾನೂ ಮೊದಲನೇ ಸಲ ಹಿಂಗೇ ಸೀಸಿದ್ದೆ, ಹೊಗೆ ಪಕ್ಕದ ಮನೆವರೆಗೂ ಹೋಗಿತ್ತು ಅಂತ. ಮಗಳ ತಪ್ಪು ಒಂದೇ, ಹಸಿ ಬದನೆಕಾಯಿಗೇ ಮಿಸೋ ಬಳಿದುಬಿಟ್ಟಿದಾಳೆ. ಮಿಸೋ ಗೊಜ್ಜಲ್ಲಿ ಸಕ್ಕರೆ ಇರುತ್ತಲ್ಲಾ, ಅದು ಎರಡು ಮೂರು ನಿಮಿಷದಲ್ಲಿ ಕಪ್ಪಗಾಗತ್ತೆ, ಬದನೆಕಾಯಿ ಬೇಯೋಕೆ ಹತ್ತು ಹದಿನೈದು ನಿಮಿಷ ಬೇಕು, ಇವೆರಡನ್ನೂ ಒಟ್ಟಿಗೆ ಓಡಿಸಿದ್ರೆ ಒಂದು ಸೀಯತ್ತೆ ಇನ್ನೊಂದು ಹಸಿ ಉಳಿಯತ್ತೆ. ಆ ಅಡುಗೆ ಹೆಸರು ನಾಸು ದೆನ್‌ಗಾಕು. ನಾಸು ಅಂದ್ರೆ ಬದನೆಕಾಯಿ. ದೆನ್‌ಗಾಕು ಅಂದ್ರೆ ಜಪಾನಲ್ಲಿ ಹಿಂದೆ ಗದ್ದೆ ನಾಟಿ ಕಾಲದ ಹಾಡು ಕುಣಿತ. ಆ ಕುಣಿತದವರು ಒಂದೇ ಕೋಲಿನ ಮೇಲೆ ನಿಂತು ಕುಣಿಯೋರಂತೆ, ಕಡ್ಡಿಗೆ ಚುಚ್ಚಿ ಮಿಸೋ ಸವರಿ ಸುಟ್ಟ ತೋಫು (ಸೋಯಾ ಹಾಲಿನ ಪನೀರು) ನೋಡೋಕೆ ಹಂಗೇ ಕಾಣ್ತಿತ್ತು ಅಂತ ಆ ಹೆಸರು ಬಂತು, ಆಮೇಲೆ ಬದನೆಕಾಯಿಗೂ ಅಂಟ್ಕೊಂತು.

ಮಾಡೋದು ಹಿಂಗೆ. ಉದ್ದನೆ ನೇರಳೆ ಬದನೆಕಾಯಿ ಎರಡು ತಗೊಳ್ಳಿ, ತೊಟ್ಟು ಸಮೇತ ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿ. ತಿರುಳಿನ ಮೇಲೆ ಚಾಕು ತುದಿಲಿ ಅಡ್ಡ ಉದ್ದ ಗೀಟು ಹಾಕಿ, ಚೌಕಾಬಾರ ಮನೆ ಥರ, ಸಿಪ್ಪೆ ಮಾತ್ರ ತೂತಾಗಬಾರದು. ಈ ಗೀಟಲ್ಲೇ ಇರೋದು ಎಲ್ಲಾ, ಬಿಸಿ ಒಳಗೆ ಇಳಿಯೋದು ಅಲ್ಲಿಂದ, ಆಮೇಲೆ ಮಿಸೋ ಇಳಿಯೋದೂ ಅಲ್ಲಿಂದಲೇ. ಇನ್ನು ಎಣ್ಣೆ. ಬದನೆಕಾಯಿ ಒಳಗೆ ಬರೀ ಗಾಳಿ ಗೂಡು, ಹಸಿ ಇದ್ದಾಗ ಬಾಣಲೆಗೆ ಹಾಕಿದ್ರೆ ಎಷ್ಟು ಹೊಯ್ದ್ರೂ ಕುಡಿಯತ್ತೆ, ಕುಡಿದು ಮತ್ತೆ ಬಾಣಲೆ ಒಣಗಿಸತ್ತೆ, ನೀವು ಗಾಬರಿಯಾಗಿ ಇನ್ನಷ್ಟು ಹೊಯ್ತೀರಿ. ಅದಕ್ಕೆ ನಾನು ಕಂಡ್ಕೊಂಡ ಉಪಾಯ ಇಡ್ಲಿ ಪಾತ್ರೆ. ಹೋಳುಗಳನ್ನ ಏಳೆಂಟು ನಿಮಿಷ ಹಬೆಲಿ ಬೇಯಿಸ್ಕೊಂಡ್ರೆ ಆ ಗೂಡೆಲ್ಲಾ ಕುಸಿದು ಕೂತ್ಕೊಳತ್ತೆ, ಆಮೇಲೆ ಎರಡು ಚಮಚ ಎಣ್ಣೆ ಸಾಕು. ಇದೇನು ನನ್ನ ಕಿತಾಪತಿ ಅಲ್ಲ, ಜಪಾನಲ್ಲೂ ಬದನೆಕಾಯಿನ ಹಬೆಲಿ ಬೇಯಿಸಿ ತಿನ್ನೋ ರೂಢಿ ಇದೆ, ಇಡ್ಲಿ ಪಾತ್ರೆ ಇಲ್ಲ ಅಷ್ಟೇ.

ಹಬೆಯಿಂದ ತೆಗೆದ ಹೋಳಿನ ನೀರು ಬಟ್ಟೆಲಿ ಒತ್ತಿ, ದೋಸೆ ಹೆಂಚು ಚೆನ್ನಾಗಿ ಕಾದ ಮೇಲೆ ಎಣ್ಣೆ ಸವರಿ ತಿರುಳು ಕೆಳಗೆ ಬರೋ ಹಂಗೆ ಇಡಿ, ಕೆಂಪಗಾದ ಮೇಲೆ ತಿರುಗಿಸಿ. ಒಂದು ಕಡ್ಡಿಲಿ ಚುಚ್ಚಿ ನೋಡಿ, ಬೆಣ್ಣೆಗೆ ಚುಚ್ಚಿದಂಗೆ ಹೋಗ್ಬೇಕು, ಚೂರು ತಡೆದ್ರೂ ಇನ್ನೂ ಆಗಿಲ್ಲ, ಮುಚ್ಚಳ ಮುಚ್ಚಿ. ಆಗಿದೆ ಅನ್ನಿಸಿದ ಮೇಲೆ ಮಾತ್ರ ಮಿಸೋ. ಎರಡು ದೊಡ್ಡ ಚಮಚ ಮಿಸೋ, ಒಂದು ಚಮಚ ಸಕ್ಕರೆ, ಎರಡು ಚಮಚ ಮಿರಿನ್ (ಅಕ್ಕಿಯ ಸಿಹಿ ಮದ್ಯ), ಇದನ್ನ ಸಣ್ಣ ಬಾಣಲೆಲಿ ಸಣ್ಣ ಉರಿಲಿ ಕೈಯಾಡಿಸ್ತಾ ಇರಿ, ಸೌಟು ಎಳೆದ್ರೆ ದಾರಿ ಕಾಣ್ಬೇಕು, ಹಲ್ವಾ ಥರ ಗಟ್ಟಿ ಬೇಡ. ಇದನ್ನ ಗೀಟಿನ ಮೇಲೆ ದಪ್ಪಗೆ ಸವರಿ, ಓವನ್ ಇದ್ರೆ ಮೇಲಿನ ಉರಿಲಿ ಎರಡು ನಿಮಿಷ, ಇಲ್ಲ ಅಂದ್ರೆ ಮಿಸೋ ಕಡೆ ಕೆಳಗೆ ಮಾಡಿ ಹೆಂಚಿಗೆ ಅರ್ಧ ನಿಮಿಷ ತಾಗಿಸಿ ತೆಗೀರಿ. ಗುಳ್ಳೆ ಗುಳ್ಳೆ ಬಂದು ಅಲ್ಲಲ್ಲಿ ಚುಕ್ಕೆ ಹಂಗೆ ಕಪ್ಪಾದ್ರೆ ಮುಗೀತು. ಮೇಲೆ ಹುರಿದ ಎಳ್ಳು. ಉಪ್ಪು ಹಾಕ್ಬೇಡಿ, ಮಿಸೋನೇ ಉಪ್ಪು. ಮಗಳನ್ನ ಇನ್ನೊಂದ್ಸಲ ಮಾಡು ಅನ್ನಿ, ಅಪ್ಪನಿಗೆ ಮೊದಲ ತುತ್ತು ಕೊಡಬೇಡಿ.

ಅದಕ್ಕೆ ಯಾವ ಬದನೆಕಾಯಿ ಆಗುತ್ತೆ? ನಮ್ಮ ಹಿತ್ತಲಲ್ಲಿ ಗುಂಡು ಕಾಯಿ ಬಿಡ್ತಾ ಇದೆ, ಉದ್ದ ಕಾಯಿ ಸಂತೆಲಿ ವಾರಕ್ಕೊಂದ್ಸಲ ಸಿಗತ್ತೆ. — ಮದ್ದೂರು ಹತ್ರದಿಂದ

ಜಪಾನಲ್ಲಿ ದಿನಾ ಬಳಸೋ ಬದನೆಕಾಯಿ ತೆಳು ಸಿಪ್ಪೆದು, ಬೀಜ ಕಮ್ಮಿ, ಅದಕ್ಕೇ ಅವರು ಸಿಪ್ಪೆ ಸಮೇತ ತಿಂತಾರೆ. ಆದ್ರೆ ಗುಂಡು ಕಾಯಿ ಆಗಲ್ಲ ಅಂತೇನಿಲ್ಲ. ಕ್ಯೋಟೋ ಊರಿನ ಕಾಮೋ ನಾಸು ಅನ್ನೋದು ಪೂರ್ತಿ ಗುಂಡಗೆ ಇರೋದು, ದೆನ್‌ಗಾಕು ಅಂದ್ರೆ ಅದೇ ಬೇಕು ಅನ್ನೋರಿದಾರೆ, ನಮ್ಮಲ್ಲಿ ಉಡುಪಿ ಕಡೆಯವರು ಸಾಂಬಾರಿಗೆ ಮಟ್ಟು ಗುಳ್ಳನೇ ಆಗ್ಬೇಕು ಅಂತಾರಲ್ಲ ಹಂಗೆ. ಗುಂಡು ಕಾಯಾದ್ರೆ ಉದ್ದಕ್ಕೆ ಸೀಳಬೇಡಿ, ಅಡ್ಡಕ್ಕೆ ಎರಡು ಬೆರಳು ದಪ್ಪ ಬಿಲ್ಲೆ ಮಾಡಿ, ಎರಡೂ ಕಡೆ ಗೀಟು ಹಾಕಿ, ಹಬೆ ಇನ್ನೆರಡು ನಿಮಿಷ ಜಾಸ್ತಿ. ಎಣ್ಣೆಗಾಯಿಗೆ ತರೋ ಗೋಲಿ ಥರದ ಪುಟ್ಟ ಕಾಯಿ ಮಾತ್ರ ಇದಕ್ಕೆ ಬೇಡ, ಅದರಲ್ಲಿ ತಿರುಳೇ ಎಲ್ಲಿದೆ, ಅದು ಮಸಾಲೆ ತುಂಬಿಸ್ಕೊಳ್ಳೋಕೆ ಅಂತಲೇ ಹುಟ್ಟಿರೋದು. ಮೈಸೂರಿನೋರಿಗೆ ಈರನಗೆರೆ ಬದನೆ ಕೈಗೆ ಸಿಕ್ರೆ, ದಯವಿಟ್ಟು ಅದನ್ನ ಇಲ್ಲಿಗೆ ಖರ್ಚು ಮಾಡ್ಬೇಡಿ, ವಾಂಗಿಬಾತ್ ಮಾಡಿ. ಸಿಗೋದೇ ಅಪರೂಪ.

ಆರಿಸೋದು ಹೇಗೆ ಅಂದ್ರೆ ನಮ್ಮಜ್ಜಿ ದೇವರಾಜ ಮಾರ್ಕೆಟಲ್ಲಿ ಕಾಯಿ ನೋಡ್ತಿರಲಿಲ್ಲ, ತೊಟ್ಟು ನೋಡ್ತಿದ್ಲು. ತೊಟ್ಟಿನ ಮುಳ್ಳು ಬೆರಳಿಗೆ ಚುರುಕ್ ಅನ್ಬೇಕು, ಆಗ ನಿನ್ನೆ ಮೊನ್ನೆ ಕಿತ್ತಿದ್ದು ಅಂತ. ಆ ಜಪಾನಿನ ಹುಡುಗಿನೂ ಗಾಡಿ ಹತ್ರ ನಿಂತು ಅದನ್ನೇ ಮಾಡಿದ್ದು ನೋಡಿ ಗಾಡಿಯಮ್ಮ "ಇದಕ್ಕೆ ಗೊತ್ತೈತೆ ಕಣಮ್ಮ" ಅಂದ್ಲು. ಅವರಲ್ಲೂ ಮುಳ್ಳೇ ಲೆಕ್ಕವಂತೆ.

ಮಿಸೋ, ಮಿರಿನ್ ಇವೆಲ್ಲಾ ಮಂಡ್ಯದಲ್ಲಿ ಎಲ್ಲಿ ಸಿಗತ್ತೆ ಅಮ್ಮ? ಬದಲಿಗೆ ಉದ್ದಿನ ಹಿಟ್ಟೋ ಕಡ್ಲೆ ಹಿಟ್ಟೋ ಏನಾದ್ರೂ ಹಾಕ್ಬೋದಾ? ಮಿರಿನ್ನಲ್ಲಿ ಮದ್ಯ ಇರತ್ತೆ ಅಂತಾರೆ, ನಮ್ಮ ಮನೇಲಿ ಅದೆಲ್ಲಾ ಆಗಲ್ಲ. — ಮಂಡ್ಯ

ಮಿಸೋಗೆ ಬದಲಿ ಇಲ್ಲ, ಸುಳ್ಳು ಹೇಳಿ ಏನು ಮಾಡ್ಲಿ. ಸೋಯಾ ಕಾಳು ಬೇಯಿಸಿ ಅರೆದು, ಉಪ್ಪು, ಜೊತೆಗೆ ಕೋಜಿ ಅಂತ ಒಂಥರಾ ಬೂಷ್ಟು ಹಿಡಿಸಿದ ಅಕ್ಕಿ ಸೇರಿಸಿ ವಾರಗಟ್ಟಲೆ, ಕೆಲವನ್ನ ವರ್ಷಗಟ್ಟಲೆ ಹುದುಗಿಸಿ ಮಾಡೋದು ಅದು. ಕಡ್ಲೆ ಹಿಟ್ಟಿಗೆ ಆ ವಾಸನೆ ಎಲ್ಲಿಂದ ಬರತ್ತೆ? ಗೋಕುಲಂ ಕಡೆ ಹೊರದೇಶದೋರಿಗೆ ಅಂತ ಸಾಮಾನು ಇಟ್ಟಿರೋ ಅಂಗಡಿಗಳಲ್ಲಿ ಕೇಳಿ, ಇಲ್ಲಾಂದ್ರೆ ಆನ್‌ಲೈನಲ್ಲಿ ಚಿಕ್ಕ ಪೊಟ್ಟಣ ತರಿಸಿ. ದುಡ್ಡು ಜಾಸ್ತಿ ಅನ್ಸತ್ತೆ, ಆದ್ರೆ ಬಾಯಿ ಬಿಗಿಯಾಗಿ ಮುಚ್ಚಿ ಫ್ರಿಜ್ಜಲ್ಲಿಟ್ರೆ ತಿಂಗಳುಗಟ್ಟಲೆ ಕೆಡಲ್ಲ, ಉಪ್ಪಿನಕಾಯಿ ಥರ. ಬಿಳಿ ಮಿಸೋ ಸಿಹಿ ಜಾಸ್ತಿ ಉಪ್ಪು ಕಮ್ಮಿ, ಕೆಂಪು ಮಿಸೋ ಉಪ್ಪು ಖಡಕ್ಕು. ಬಿಳಿದು ತಂದ್ರೆ ಸಕ್ಕರೆ ಅರ್ಧ ಮಾಡಿ.

ಮಿರಿನ್ ಅಂದ್ರೆ ಅಕ್ಕಿಯಿಂದ ಮಾಡಿದ ಸಿಹಿ ಮದ್ಯ, ಅಸಲಿದಾದ್ರೆ ನೂರಕ್ಕೆ ಸುಮಾರು 14ರಷ್ಟು ಆಲ್ಕೋಹಾಲ್ ಇರತ್ತೆ, ಕುದಿಸಿದ್ರೆ ಬಹಳಷ್ಟು ಹೋಗತ್ತೆ ಆದ್ರೆ ಪೂರ್ತಿ ಹೋಗತ್ತೆ ಅನ್ನೋಕಾಗಲ್ಲ. ನಿಮಗೆ ಬೇಡ ಅಂದ್ರೆ ಬೇಡ. ಮತ್ತೆ ಮಂಡ್ಯದಲ್ಲಿ ಕೂತ್ಕೊಂಡು ಸಿಹಿಗೆ ಬಾಟ್ಲಿ ಹುಡುಕ್ತೀರಲ್ಲಾ! ನಿಂಬೆಹಣ್ಣಿನ ಗಾತ್ರ ಬೇಡ, ಗೋಲಿ ಗಾತ್ರದ್ದು ಎರಡು ಉಂಡೆ ಬೆಲ್ಲ ಎರಡು ಚಮಚ ಬಿಸಿನೀರಲ್ಲಿ ಕರಗಿಸಿ, ಕಸ ಇದ್ರೆ ಸೋಸಿ, ಸಕ್ಕರೆ ಮಿರಿನ್ ಎರಡರ ಬದಲಿಗೂ ಅದನ್ನೇ ಹಾಕಿ. ಕೆಂಪು ಮಿಸೋ ಜೊತೆ ಬೆಲ್ಲ ಏನು ಹೊಂದತ್ತೆ ಅಂತೀರಿ, ನಾನೀಗ ಮಿರಿನ್ ತರೋದೇ ಬಿಟ್ಟಿದೀನಿ. ಆದ್ರೆ ಒಂದು ಮಾತು, ಅಲ್ಲಿಗೆ ನಿಲ್ಲಿಸಿ. "ಸ್ವಲ್ಪ ಗರಂ ಮಸಾಲ, ಸ್ವಲ್ಪ ಬೆಳ್ಳುಳ್ಳಿ, ಒಗ್ಗರಣೆಗೆ ಕರಿಬೇವು" ಅಂತ ಕೈ ಹೋಗತ್ತೆ, ನನಗೂ ಹೋಗತ್ತೆ, ಆಗ ಅದು ಒಳ್ಳೆ ಪಲ್ಯನೇ ಆಗ್ಬೋದು, ಆದ್ರೆ ಬದನೆಕಾಯಿ ರುಚಿ ಎಲ್ಲೋ ಹೋಗಿ ಮೂಲೇಲಿ ಕೂತಿರತ್ತೆ.

ನಾವು ಅಪ್ಪಟ ಸಸ್ಯಾಹಾರಿಗಳು, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ. ಜಪಾನಿನ ಅಡುಗೆ ಅಂದ್ರೆ ಎಲ್ಲದರಲ್ಲೂ ಮೀನು ಅಂತ ಕೇಳಿದೀನಿ, ನಿಜಾನಾ? — ಸರಸ್ವತಿಪುರಂ, ಮೈಸೂರು

ಬಹುಪಾಲು ನಿಜ, ಕಣ್ಣಿಗೆ ಕಾಣದ ಹಂಗೆ ಇರತ್ತೆ. ಅವರ ಸಾರಿನ ತಳಪಾಯ ದಾಶಿ ಅನ್ನೋ ಕಟ್ಟು. ಅದಕ್ಕೆ ಕೊಂಬು ಅಂತ ಒಣಗಿದ ಕಡಲ ಪಾಚಿ, ಜೊತೆಗೆ ಕತ್ಸುವೋಬುಷಿ ಅಂತ ಹೊಗೆ ಹಾಕಿ ಮರದ ತುಂಡಿನ ಥರ ಒಣಗಿಸಿದ ಬೊನಿಟೋ ಮೀನಿನ ಹೆರೆದ ಪಕಳೆ ಹಾಕ್ತಾರೆ. ವಿಡಿಯೋದಲ್ಲಿ ಬದನೆಕಾಯಿ ಮೇಲೆ ಹಾಳೆ ಚೂರಿನ ಥರ ಏನೋ ಅಲ್ಲಾಡ್ತಾ ಇರತ್ತಲ್ಲ, ಅದೇ ಅದು. ಮಿಸೋ ತಾನಾಗೇ ಸಸ್ಯಾಹಾರ, ಆದ್ರೆ ದಾಶಿ ಬೆರೆಸಿದ ಮಿಸೋ ಅಂತಲೂ ಮಾರ್ತಾರೆ, ಅದರಲ್ಲಿ ಮೀನು ಇರತ್ತೆ, ಪೊಟ್ಟಣದ ಹಿಂದೆ ಓದಿ ತಗೊಳ್ಳಿ.

ಆದ್ರೆ ನಿಮ್ಮಂಥವರು ಅಲ್ಲೂ ಇದಾರೆ. ಬೌದ್ಧ ಮಠಗಳ ಅಡುಗೆಗೆ ಶೋಜಿನ್ ರ್ಯೋರಿ ಅಂತ ಹೆಸರು, ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ, ಥೇಟ್ ನಮ್ಮ ಮಡಿ ಅಡುಗೆ ಲೆಕ್ಕ. ಅವರು ಮೀನು ಬಿಟ್ಟು ಕೊಂಬು, ಒಣಗಿದ ಶಿಟಾಕೆ ಅಣಬೆಲಿ ದಾಶಿ ಮಾಡ್ತಾರೆ. ಅಣಬೆ ಆಗದವರು ಬರೀ ಕೊಂಬುಲೇ ಮಾಡಿ, ಒಂದು ಲೀಟರ್ ನೀರಿಗೆ 10 ಗ್ರಾಂ, ರಾತ್ರಿ ನೆನೆಹಾಕಿ ಬೆಳಿಗ್ಗೆ ಬಿಸಿ ಮಾಡಿ, ಕುದಿ ಬರೋಕೆ ಮುಂಚೆ ಕೊಂಬು ತೆಗೆದುಬಿಡಿ, ಕುದಿಸಿದ್ರೆ ಲೋಳೆ ಬಿಡತ್ತೆ. ರುಚಿ ನೋಡಿದ್ರೆ ಏನೂ ಇಲ್ಲ ಅನ್ಸತ್ತೆ, ಬರೀ ನೀರು, ಆಮೇಲೆ ನಾಲಿಗೆ ಮೇಲೆ ಉಳ್ಕೊಳತ್ತೆ. ಉಮಾಮಿ ಅಂತ ಈಗ ಎಲ್ಲರ ಬಾಯಲ್ಲೂ ಇದೆಯಲ್ಲ, ಕಿಕುನಾಯೆ ಇಕೆಡಾ ಅನ್ನೋ ಪ್ರೊಫೆಸರು 1908ರಲ್ಲಿ ಅದನ್ನ ಪತ್ತೆ ಹಚ್ಚಿದ್ದು ಇದೇ ಕೊಂಬು ಕಟ್ಟಿನಿಂದಲೇ, ಅದರಲ್ಲಿರೋದು ಗ್ಲುಟಮೇಟ್.

ಈ ದಾಶಿ ಇದ್ರೆ ನಾನು ಮಾಡೋದು ಅಗೆಬಿತಾಶಿ. ಬದನೆಕಾಯಿನ ಉದ್ದಕ್ಕೆ ನಾಲ್ಕು ಸೀಳು ಮಾಡಿ ಕರಿದು, ಎಣ್ಣೆ ಬಸಿದು, ಬಿಸಿ ಬಿಸಿ ಇರೋವಾಗಲೇ ಒಂದು ಲೋಟ ದಾಶಿ, ಎರಡು ಚಮಚ ಸೋಯಾ ಸಾಸು, ಒಂದು ಚಮಚ ಬೆಲ್ಲದ ನೀರು ಇದರಲ್ಲಿ ಮುಳುಗಿಸಿ ತಣ್ಣಗಾಗೋಕೆ ಬಿಡಬೇಕು, ಮೇಲೆ ಶುಂಠಿ ತುರಿ. ದಹಿವಡೆ ಇದ್ದಂಗೆ, ಕೂತಷ್ಟೂ ರುಚಿ. ಬೆಳಿಗ್ಗೆ ಮಾಡಿಟ್ಟು ಮಧ್ಯಾಹ್ನ ತಿನ್ನಿ. ಗೋಧಿ ಆಗದವರು ಗಮನಿಸಿ, ಮಾಮೂಲಿ ಸೋಯಾ ಸಾಸಲ್ಲಿ ಗೋಧಿನೂ ಇರತ್ತೆ.

ನನ್ನ ಸೊಸೆ ಗ್ಯಾಸ್ ಮೇಲೆ ಬದನೆಕಾಯಿ ಸುಟ್ಟು, ಸಿಪ್ಪೆ ತೆಗೆದು, ಇದು ಜಪಾನಿನ ಯಾಕಿ ನಾಸು ಅಂತ ಬಡಿಸಿದ್ಲು. ಇದು ನಮ್ಮ ಸುಟ್ಟ ಬದನೆಕಾಯಿ ಗೊಜ್ಜು ತಾನೇ? ಅರ್ಧಕ್ಕೇ ನಿಲ್ಲಿಸಿ ಬೇರೆ ಹೆಸರಿಟ್ರೆ ಆಯ್ತಾ? — ಶ್ರೀರಂಗಪಟ್ಟಣ

ಯಾಕಿ ಅಂದ್ರೆ "ಯಾಕೆ" ಅಂತಲ್ಲ ಅಮ್ಮ, ಸುಟ್ಟಿದ್ದು ಅಂತ. ಸುಡೋವರೆಗೂ ಎರಡೂ ಒಂದೇ, ಅದು ನಿಮ್ಮ ಮಾತೇ ಸರಿ. ಸಿಪ್ಪೆ ಕರಿಕಲಾಗಿ ಕಾಯಿ ಸೋತು ಬಗ್ಗಬೇಕು. ನಾವು ಆಮೇಲೆ ಕಿವುಚಿ, ಹುಣಸೆ ರಸ, ಹಸಿಮೆಣಸು, ಬೆಲ್ಲ, ಇಂಗಿನ ಒಗ್ಗರಣೆ ಅಂತ ಹೋಗ್ತೀವಿ. ಅವರು ಕಿವುಚಲ್ಲ, ತೊಟ್ಟು ಹಿಡಿದು ಸಿಪ್ಪೆ ಸುಲಿದು, ಕಡ್ಡಿಲಿ ಉದ್ದುದ್ದ ಎಳೆಯಾಗಿ ಸೀಳಿ, ಶುಂಠಿ ತುರಿ ಇಟ್ಟು ನಾಲ್ಕು ತೊಟ್ಟು ಸೋಯಾ ಸಾಸು ಬಿಡ್ತಾರೆ, ಅಷ್ಟೇ. ಸಿಪ್ಪೆ ಸುಲಿಯೋವಾಗ ನೀರಲ್ಲಿ ತೊಳಿಬೇಡಿ, ಸುಟ್ಟ ವಾಸನೆ ಪೂರ್ತಿ ಸಿಂಕಿಗೆ ಹೋಗತ್ತೆ; ಕೈ ಸುಡತ್ತೆ ಅಂದ್ರೆ ಪಕ್ಕದಲ್ಲಿ ಬಟ್ಟಲು ನೀರಿಟ್ಟು ಬೆರಳು ಮಾತ್ರ ಅದ್ದಿ. ಒಂದ್ಸಲ ಅನ್ನದ ಜೊತೆ ತಿಂದು ನೋಡಿ, ಅರ್ಧಕ್ಕೆ ನಿಲ್ಲಿಸಿದ್ದು ಅನ್ಸಲ್ಲ. ಗೊಜ್ಜು ನಾಳೆ ಮಾಡಿದ್ರಾಯ್ತು.

ಅತ್ತೆ ಸೊಸೆ ಅಂದಿದ್ದಕ್ಕೆ ನೆನಪಾಯ್ತು. ಜಪಾನಲ್ಲಿ ಒಂದು ಗಾದೆ ಇದೆ, ಶರತ್ಕಾಲದ ಬದನೆಕಾಯಿನ ಸೊಸೆಗೆ ತಿನ್ನಿಸಬೇಡ ಅಂತ. ಆ ಕಾಲದ ಕಾಯಿ ತುಂಬಾ ರುಚಿ, ಸೊಸೆಗೆ ಯಾಕೆ ಕೊಡ್ಲಿ ಅನ್ನೋ ಅತ್ತೆ ಹೊಟ್ಟೆಕಿಚ್ಚು ಅಂತ ಕೆಲವರು ಹೇಳಿದ್ರೆ, ಇಲ್ಲ, ಅದು ಮೈಗೆ ತಂಪು, ಸೊಸೆ ಆರೋಗ್ಯಕ್ಕೆ ಒಳ್ಳೇದಲ್ಲ ಅನ್ನೋ ಕಾಳಜಿ ಅಂತ ಇನ್ನು ಕೆಲವರು. ನಮ್ಮಲ್ಲಿ ಬಾಣಂತಿಗೆ ಬದನೆಕಾಯಿ ನಂಜು ಅಂತ ಕೊಡಲ್ವಲ್ಲ, ಅದೂ ಕಾಳಜಿನೇ ಅಂತ ನಂಬಿದೀನಿ, ಆದ್ರೆ ನನಗೆ ಬಾಣಂತನದಲ್ಲಿ ಸೊಪ್ಪಿನ ಸಾರು ಬಡಿಸಿ ಪಕ್ಕದ ರೂಮಲ್ಲಿ ಎಲ್ಲರೂ ಎಣ್ಣೆಗಾಯಿ ತಿಂದಿದ್ದು ಮರೆತಿಲ್ಲ.

ಕರಿದ ಮೇಲೆ ನೇರಳೆ ಬಣ್ಣ ಹೋಗಿ ಕೆಸರು ಬಣ್ಣ ಆಗತ್ತೆ. ಫೋಟೋದಲ್ಲಿ ಮಾತ್ರ ಫಳಫಳ ಅಂತಿರತ್ತೆ. — ವಿಜಯನಗರ, ಮೈಸೂರು

ಎಣ್ಣೆ ಕಾಯೋಕೆ ಬಿಡಿ. ಸಿಪ್ಪೆಲಿರೋ ಆ ಬಣ್ಣ ನೀರಲ್ಲಿ ಕರಗೋದು, ಅದಕ್ಕೇ ನಮ್ಮ ಹುಳಿಲಿ ಬದನೆಕಾಯಿ ಬಣ್ಣ ನಿಲ್ಲಲ್ಲ. ಚೆನ್ನಾಗಿ ಕಾದ ಎಣ್ಣೆಗೆ, ಸುಮಾರು 180 ಡಿಗ್ರಿ, ಅಂದ್ರೆ ಮರದ ಕಡ್ಡಿ ಅದ್ದಿದ್ರೆ ಸುತ್ತ ಜೋರಾಗಿ ಗುಳ್ಳೆ ಏಳೋ ಅಷ್ಟು, ಸಿಪ್ಪೆ ಕಡೆ ಮೊದಲು ಕೆಳಗೆ ಬರೋ ಹಂಗೆ ಬಿಡಿ, ಒಂದ್ಸಲಕ್ಕೆ ನಾಲ್ಕೈದೇ ಹೋಳು. ಹೆಚ್ಚಿದ ಮೇಲೆ ಉಪ್ಪು ನೀರಲ್ಲಿ ಹಾಕಿಡೋದು ನಮ್ಮಂಗೇ ಅವರೂ ಮಾಡ್ತಾರೆ, ಆದ್ರೆ ಕರಿಯೋಕೆ ಮುಂಚೆ ಬಟ್ಟೆಲಿ ಒರೆಸಿ, ಇಲ್ಲಾಂದ್ರೆ ಎಣ್ಣೆ ಸಿಡಿದು ಮುಖಕ್ಕೆ ಬರತ್ತೆ. ಬದನೆಕಾಯಿ ಉಪ್ಪಿನಕಾಯಿಗೆ ಅಲ್ಲಿ ಬಣ್ಣ ಉಳೀಲಿ ಅಂತ ಪಟಿಕ ಹಾಕ್ತಾರೆ, ಕೆಲವು ಮನೇಲಿ ಕಬ್ಬಿಣದ ಮೊಳೆನೇ ಹಾಕ್ತಿದ್ರಂತೆ. ನೀವು ಮೊಳೆ ಹುಡುಕಬೇಡಿ.

ನಮ್ಮಕ್ಕನ ಮಗ ಕಂಪ್ಯೂಟರಲ್ಲಿ ಒಂದು ಫೋಟೋ ತೋರಿಸ್ದ, ಬದನೆಕಾಯಿಗೆ ನಾಲ್ಕು ಕಡ್ಡಿ ಕಾಲು ಚುಚ್ಚಿ ಪೂಜೆಗೆ ಇಟ್ಟಿದಾರೆ. ಇದೇನು ಆಟನಾ, ಪೂಜೆನಾ? — ಪಾಂಡವಪುರ

ಪೂಜೆನೇ. ಅಲ್ಲಿ ಓಬೋನ್ ಅಂತ ಹಿರಿಯರ ಹಬ್ಬ, ಹೆಚ್ಚಿನ ಕಡೆ ಆಗಸ್ಟ್ ಮಧ್ಯದಲ್ಲಿ ಬರತ್ತೆ, ನಮ್ಮ ಪಿತೃಪಕ್ಷ ಇದ್ದಂಗೆ. ಸೌತೆಕಾಯಿಗೆ ಕಾಲು ಚುಚ್ಚಿದ್ರೆ ಅದು ಕುದುರೆ, ಬದನೆಕಾಯಿಗೆ ಚುಚ್ಚಿದ್ರೆ ಅದು ಹಸು. ಹಿರಿಯರು ಬರೋವಾಗ ಕುದುರೆ ಹತ್ತಿ ಬೇಗ ಬರಲಿ, ಹೋಗೋವಾಗ ಹಸು ಮೇಲೆ ಕೂತು ನಿಧಾನಕ್ಕೆ ಹೋಗಲಿ ಅಂತ. ನಾನು ಇದನ್ನ ನಮ್ಮ ಚಿಕ್ಕಮ್ಮನಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, ನಿಮ್ಮ ಚಿಕ್ಕಪ್ಪ ಹಸು ಮೇಲೆ ಕೂರೋ ಆಸಾಮಿ ಅಲ್ಲ, ಸ್ಕೂಟರ್ ಇಡಬೇಕಾಗತ್ತೆ ಅಂದ್ಲು.

ಮುದ್ದೆ ಜೊತೆ ತಿನ್ಬೋದಾ? — ಕೆ.ಆರ್. ಪೇಟೆ

ತಿಂದು ನೋಡಿದೀನಿ, ಆಗಲ್ಲ. ಮುದ್ದೆ ನುಂಗೋಕೆ ಜಾರೋ ಸಾರು ಬೇಕು, ಮಿಸೋ ಬದನೆಕಾಯಿ ಗಂಟಲಲ್ಲಿ ಮುದ್ದೆ ಹಿಡ್ಕೊಂಡು ನಿಂತ್ಬಿಡತ್ತೆ. ಅನ್ನಕ್ಕೆ ಸರಿ, ಅದೂ ಸ್ವಲ್ಪ ಮೆತ್ತಗೆ ಮಾಡಿದ ಅನ್ನಕ್ಕೆ. ರಾತ್ರಿ ಉಳಿದಿದ್ದನ್ನ ಬೆಳಿಗ್ಗೆ ಅಕ್ಕಿ ರೊಟ್ಟಿ ಮೇಲೆ ಸವರ್ಕೊಂಡು ತಿನ್ನಿ, ಅದನ್ನ ಯಾವ ಜಪಾನಿನೋರೂ ಹೇಳಿಕೊಟ್ಟಿದ್ದಲ್ಲ.